ಒಂದೂಕಾಲು ಇಂಚಿನ ಶಾಫ್ಟಿಗೆ ಬೇರಿಂಗ್ ಕೂರಿಸುವುದು ಹೇಗೆ?

ಹೋದ ಯುಗಾದಿಯ ಹಿಂದೆಮುಂದೆ ಇರಬೇಕು. ಅರಸೀಕೆರೆ ಕಡೆಯ ಹಳ್ಳಿಯೊಂದರಿಂದ ಹಿಟ್ಟಿನ ಮಿಲ್ಲಿನ ಯಜಮಾನರೊಬ್ಬರು ನಮ್ಮ ಲೇತ್ ಶಾಪಿಗೆ ಬಂದರು. ಗಾಡಿಯ ಮುಂದೆ ಗೋಣಿಚೀಲದಲ್ಲಿ ಸುತ್ತಿದ ಶಾಫ್ಟು. ಜೇಬಿನಲ್ಲಿ ಹೊಸ ಬೇರಿಂಗಿನ ಡಬ್ಬಿ, ಇನ್ನೂ ಒಡೆದಿರಲಿಲ್ಲ.

"ನಾಲ್ಕು ತಿಂಗಳಲ್ಲಿ ಮೂರು ಬೇರಿಂಗ್ ತಿಂದಿದೆ ಕಣಪ್ಪಾ ಇದು. ಅಂಗಡಿಯವನು ಡೂಪ್ಲಿಕೇಟ್ ಮಾಲು ಕೊಡ್ತಾವ್ನೆ ಅನ್ಸುತ್ತೆ. ಒಂಚೂರು ನೋಡು."

ಡಬ್ಬಿ ಒಡೆದು ನೋಡಿದೆ. ಬೇರಿಂಗಿನಲ್ಲಿ ತಪ್ಪೇನೂ ಕಾಣಲಿಲ್ಲ. ಗೋಣಿಚೀಲ ಬಿಚ್ಚಿದ ಮೇಲೆ ಕಥೆ ಗೊತ್ತಾಯಿತು. ಬೇರಿಂಗ್ ಕೂರುವ ಜಾಗಕ್ಕೆ ಯಾರೋ ತಗಡು ಸುತ್ತಿದ್ದರು. ಅದರ ಮೇಲೆಲ್ಲ ಕುಂಕುಮದಂಥ ಕೆಂಪು ಪುಡಿ. ಹೊಸ ಬೇರಿಂಗನ್ನು ಅದರ ಮೇಲಿಟ್ಟು ತಳ್ಳಿದೆ. ಎರಡು ಬೆರಳಿಗೇ ಜಾರಿಕೊಂಡು ಹೋಗಿ ಕೂತಿತು.

"ನೋಡು, ಎಷ್ಟು ಚೆನ್ನಾಗಿ ಕೂರುತ್ತೆ!" ಅಂದರು ಯಜಮಾನರು.

ತೊಂದರೆ ಇದ್ದದ್ದೇ ಅಲ್ಲಿ. ತಿರುಗುವ ಶಾಫ್ಟಿನ ಮೇಲೆ ಬೇರಿಂಗ್ ಅಷ್ಟು ಸಲೀಸಾಗಿ ಜಾರಬಾರದು. ಅಳತೆಗೆ ಬಾರದ ಶಾಫ್ಟಿಗೆ ಬೇರಿಂಗ್ ಹೊಂದಿಸುವಾಗ ನಾವೆಲ್ಲ ಮಿಲಿಮೀಟರಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುತ್ತೇವೆ. ಅದನ್ನು ಬುಷ್ (ನಡುವೆ ತೂರಿಸುವ ಕೊಳವೆ) ಹಾಕಿಯೋ ಕೆತ್ತಿಯೋ ಸರಿ ಮಾಡಬಹುದು. ಬೇರಿಂಗನ್ನು ಕೊಲ್ಲುವುದು ಕೊನೆಯ ಹತ್ತಿಪ್ಪತ್ತು ಮೈಕ್ರಾನು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ.

ಅಳತೆ ಯಾಕೆ ಕೂಡಲ್ಲ?

ಬೇರಿಂಗಿನ ನಂಬರಿನಲ್ಲೇ ತೂತಿನ ಅಳತೆ ಇರುತ್ತದೆ. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿ. 6206 ಆದರೆ 30 ಮಿ.ಮೀ., 6207 ಆದರೆ 35, 6208 ಆದರೆ 40. (04ಕ್ಕಿಂತ ಕೆಳಗೆ ಈ ಲೆಕ್ಕ ನಡೆಯಲ್ಲ. 00 ಅಂದರೆ 10, 01 ಅಂದರೆ 12, 02 ಅಂದರೆ 15, 03 ಅಂದರೆ 17.) ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವ ಬೇರಿಂಗುಗಳು ಹೀಗೆ 5 ಮಿ.ಮೀ. ಅಂತರದ ಮೆಟ್ಟಿಲ ಮೇಲೆ ನಿಂತಿವೆ. ನಡುವಿನ ಅಳತೆಯದು ಅಲ್ಲಿ ಸಿಗುವುದು ಅಪರೂಪ.

ಯಜಮಾನರ ಮಿಲ್ಲು ಅವರ ತಂದೆ ಕಾಲದ್ದು. ಅದರ ಶಾಫ್ಟು ಒಂದೂಕಾಲು ಇಂಚು, ಅಂದರೆ 31.75 ಮಿ.ಮೀ. ನಮ್ಮ ದೇಶದಲ್ಲಿ ಮೀಟರ್ ಪದ್ಧತಿಗೆ ಕಾಯ್ದೆ ಬಂದದ್ದು 1956ರಲ್ಲಿ. ಅದಕ್ಕೆ ಮುಂಚಿನ ಮಿಷನ್ನುಗಳು, ಆ ಡ್ರಾಯಿಂಗ್ ನೋಡಿಕೊಂಡು ಆಮೇಲೂ ಎಷ್ಟೋ ವರ್ಷ ಮಾಡಿದ ಮಿಷನ್ನುಗಳು, ಬಹುಪಾಲು ಇಂಚಿನಲ್ಲೇ ಇವೆ. ಹಳೇ ಎಣ್ಣೆ ಇಂಜಿನ್, ಕಬ್ಬಿನ ಗಾಣ, ಹಿಟ್ಟಿನ ಮಿಲ್ಲು, ಯಾವುದನ್ನು ಬಿಚ್ಚಿದರೂ ಒಂದಲ್ಲ ಒಂದು ಇಂಚಿನ ಶಾಫ್ಟ್ ಸಿಗುತ್ತದೆ.

ಈ ಶಾಫ್ಟಿಗೆಂದೇ ಇಂಚಿನ ಬೇರಿಂಗ್ ಇದೆ. ತೂತು 1¼ ಇಂಚು, ಹೊರಗಡೆ 2¾ ಇಂಚು, ಅಗಲ 11/16 ಇಂಚು. ಕ್ಯಾಟಲಾಗಿನಲ್ಲಿ ಎಲ್‌ಜೆ 1¼ ಅಥವಾ ಆರ್‌ಎಲ್‌ಎಸ್ 10 ಅಂತ ಹುಡುಕಬೇಕು. ಬೆಂಗಳೂರಿನ ಎಸ್‌ಜೆಪಿ ರೋಡಿನಲ್ಲಿ ನಾಲ್ಕು ಅಂಗಡಿ ಅಲೆದರೆ ಸಿಕ್ಕರೂ ಸಿಗಬಹುದು, ದುಡ್ಡು ಮಾತ್ರ ಜಾಸ್ತಿ. ಆ ಬೇರಿಂಗ್ ಸಿಕ್ಕು, ಶಾಫ್ಟೂ ಹೌಸಿಂಗೂ (ಬೇರಿಂಗ್ ಒಳಗೆ ಕೂರುವ ಗೂಡು) ಸವೆಯದೆ ಇದ್ದರೆ ಈ ಲೇಖನವೇ ಬೇಡ. ತಂದು ಹಾಕಿ, ಮುಗಿಯಿತು.

ಇಲ್ಲಿ ಹಾಗಾಗಲಿಲ್ಲ. ಯಾವಾಗಲೋ ಯಾರೋ ಇಂಚಿನ ಬೇರಿಂಗ್ ಸಿಗದೆ 6207 ತಂದಿದ್ದಾರೆ. ಅದರ ಹೊರಗಿನ ಅಳತೆ 72 ಮಿ.ಮೀ. ಹೌಸಿಂಗು ಇದ್ದದ್ದು 69.85. ಅದನ್ನು ಬೋರಿಂಗ್ ಮಾಡಿ 72 ಮಾಡಿದ್ದಾರೆ. ಆ ಕೆಲಸವನ್ನು ನೀಟಾಗೇ ಮಾಡಿದ್ದಾರೆ, ಸುಳ್ಳು ಹೇಳಬಾರದು. ಆದರೆ ಒಳಗಡೆ 35ರ ತೂತು, 31.75ರ ಶಾಫ್ಟು. ಸುತ್ತಲೂ 1.625 ಮಿ.ಮೀ. ಖಾಲಿ. ಈಗ ತಮಾಷೆ ನೋಡಿ. 16 ಗೇಜಿನ ತಗಡಿನ ದಪ್ಪ 1.626 ಮಿ.ಮೀ.! ಕೈಗೆ ಸಿಕ್ಕ ತಗಡು ಅಳತೆ ಮಾಡಿಸಿದಂತೆ ಕೂತುಬಿಟ್ಟಿದೆ. ಆ ಮೆಕ್ಯಾನಿಕ್ ಅವತ್ತು ಎಷ್ಟು ಖುಷಿಪಟ್ಟಿರಬೇಕು ಅಂತ ನಾನು ಊಹಿಸಬಲ್ಲೆ. ನಾನೂ ಶುರುವಿನಲ್ಲಿ ಇಂಥವು ಮಾಡಿದ್ದೇನೆ.

ಗಂಟೆಗೆ ಆರೂಮುಕ್ಕಾಲು ಮೀಟರ್

ಪೆನ್ನಿಗೆ ಒಂದು ಬಳೆ ನೇತುಹಾಕಿ. ಪೆನ್ನನ್ನು ಅಡ್ಡ ಹಿಡಿದು ಬೆರಳಲ್ಲಿ ಮೆಲ್ಲಗೆ ಉರುಳಿಸಿ. ಪೆನ್ನು ಒಂದು ಸುತ್ತು ಪೂರ್ತಿ ಬರುತ್ತದೆ, ಬಳೆ ಮಾತ್ರ ಹಿಂದೆ ಉಳಿಯುತ್ತದೆ. ಯಾಕೆಂದರೆ ಬಳೆಯ ಸುತ್ತಳತೆ ಪೆನ್ನಿನದಕ್ಕಿಂತ ದೊಡ್ಡದು. ಒಂದರ ಮೇಲೊಂದು ಉರುಳುತ್ತಾ ಹೋದಂತೆ ಆ ವ್ಯತ್ಯಾಸದಷ್ಟು ಪ್ರತಿ ಸುತ್ತಿಗೂ ಹಿಂದೆ ಬೀಳುತ್ತದೆ.

ಬೇರಿಂಗಿನ ಇನ್ನರ್ ರಿಂಗೂ, ಅಂದರೆ ಶಾಫ್ಟಿನ ಮೇಲೆ ಕೂರುವ ಒಳಗಿನ ಬಳೆಯೂ ಹಾಗೇ. ಬೆಲ್ಟು ಶಾಫ್ಟನ್ನು ಒಂದೇ ದಿಕ್ಕಿಗೆ ಎಳೆಯುತ್ತಿರುತ್ತದೆ, ಶಾಫ್ಟ್ ಮಾತ್ರ ತಿರುಗುತ್ತಿರುತ್ತದೆ. ಹಾಗಾಗಿ ಇನ್ನರ್ ರಿಂಗಿನ ಪ್ರತಿಯೊಂದು ಜಾಗಕ್ಕೂ ಸರದಿ ಪ್ರಕಾರ ಒತ್ತಡ ಬೀಳುತ್ತದೆ. ರಿಂಗು ಕೂದಲಷ್ಟು ಸಡಿಲ ಇದ್ದರೂ ಶಾಫ್ಟು ಅದರೊಳಗೆ ಉರುಳಲು ಶುರು ಮಾಡುತ್ತದೆ.

ಲೆಕ್ಕ ಹಾಕೋಣ. ಸಡಿಲ ಬರೀ 0.05 ಮಿ.ಮೀ. ಅಂದುಕೊಳ್ಳಿ. ಸುತ್ತಳತೆಯ ವ್ಯತ್ಯಾಸ ಅದರ 3.14 ಪಟ್ಟು, ಅಂದರೆ 0.157 ಮಿ.ಮೀ. ಯಜಮಾನರ ಮೋಟಾರು 1440 ಸುತ್ತಿನದು. ಮೋಟಾರಿಗೆ 6 ಇಂಚಿನ ಪುಲ್ಲಿ, ಮಿಲ್ಲಿಗೆ 12 ಇಂಚಿನದು. ಶಾಫ್ಟ್ ನಿಮಿಷಕ್ಕೆ 720 ಸುತ್ತು ತಿರುಗುತ್ತದೆ. ಅಲ್ಲಿಗೆ ರಿಂಗು ಶಾಫ್ಟಿನ ಮೇಲೆ ನಿಮಿಷಕ್ಕೆ 113 ಮಿ.ಮೀ., ಗಂಟೆಗೆ ಸುಮಾರು 6.8 ಮೀಟರ್ ತೆವಳಿತು. ಅಲ್ಲಿ ಎಣ್ಣೆ ಇಲ್ಲ, ಗ್ರೀಸ್ ಇಲ್ಲ. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುತ್ತದೆ. ಉಜ್ಜಿ ಉದುರಿದ ಪುಡಿಯೇ ತುಕ್ಕಾಗಿ ಆ ಕುಂಕುಮ ಆದದ್ದು. ಅದು ಹೋಗಿ ಬಾಲುಗಳ ನಡುವೆ ಸೇರಿದರೆ ಮಸಾಲೆ ಅರೆದಂತೆ ಅರೆಯುತ್ತದೆ. ಉಜ್ಜಿದಷ್ಟೂ ಸಡಿಲ ಜಾಸ್ತಿ, ಸಡಿಲವಾದಷ್ಟೂ ತೆವಳುವುದು ಜಾಸ್ತಿ.

"ಪಕ್ಕಕ್ಕೆ ನಟ್ ಹಾಕಿ ಬಿಗಿದರೆ ನಿಲ್ಲಲ್ವಾ?" ಅಂತ ಯಜಮಾನರು ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ. ನಿಲ್ಲಲ್ಲ. ರಿಂಗು ಅತ್ತಿತ್ತ ಸರಿಯದಂತೆ ನಟ್ ತಡೆಯುತ್ತದೆ, ಅಷ್ಟೇ. ಹೀಗೆ ಉರುಳುವುದನ್ನು ತಡೆಯಲು ಶಾಫ್ಟೇ ರಿಂಗಿಗಿಂತ ಚೂರು ದಪ್ಪ ಇರಬೇಕು.

ತಗಡು ಇನ್ನೊಂದು ಅನ್ಯಾಯ ಮಾಡುತ್ತದೆ. ಸುತ್ತಿದ ತಗಡಿಗೆ ಒಂದು ಕಡೆ ಸಂದು ಇದ್ದೇ ಇರುತ್ತದೆ. ಆ ಜಾಗದಲ್ಲಿ ರಿಂಗಿಗೆ ಆಧಾರ ಇಲ್ಲ. ರಿಂಗು ನೋಡಲು ಗಟ್ಟಿ, ಆದರೆ ತೆಳುವಾದದ್ದು, ಲೋಡ್ ಬಿದ್ದಾಗ ಅಲ್ಲಿ ಒಳಕ್ಕೆ ಬಾಗುತ್ತದೆ. ಪ್ರತಿ ಬಾಲೂ ಆ ಗುಂಡಿ ಹಾದು ಹೋಗಬೇಕು. ಯಜಮಾನರು "ಕಟಕಟ ಅಂತ ಸದ್ದು ಬರ್ತಿತ್ತು" ಅಂದದ್ದು ಅದೇ ಇರಬೇಕು. ಸೆಂಟರ್ ಪಂಚಿನಿಂದ ಶಾಫ್ಟಿನ ಮೇಲೆ ಚುಕ್ಕಿ ಹೊಡೆದು ದಪ್ಪ ಮಾಡುತ್ತಾರಲ್ಲ, ಅದೂ ಇದೇ ಜಾತಿ. ಚುಕ್ಕಿಯ ಸುತ್ತ ಎದ್ದ ಅಂಚು ಮಾತ್ರ ರಿಂಗನ್ನು ಮುಟ್ಟುತ್ತದೆ. ಅದು ವಾರದಲ್ಲಿ ಚಪ್ಪಟೆಯಾಗುತ್ತದೆ. ರಾತ್ರಿ ಮಿಷನ್ ನಿಂತು ಬೆಳಿಗ್ಗೆ ಊರಿಗೆ ಹಿಟ್ಟು ಬೇಕು ಅನ್ನುವಾಗ ನಾನೂ ಪಂಚ್ ಹೊಡೆದು ಕೊಟ್ಟಿದ್ದೇನೆ. ಮುಂದಿನ ವಾರ ಶಾಫ್ಟ್ ತರಬೇಕು ಅನ್ನುವ ಷರತ್ತಿನ ಮೇಲೆ.

ಎಲ್ಲ ಕಡೆಯೂ ಇನ್ನರ್ ರಿಂಗೇ ಬಿಗಿ ಇರಬೇಕು ಅಂತಲ್ಲ. ಎತ್ತಿನ ಗಾಡಿಯ ಟಯರ್ ಚಕ್ರ, ಬೈಕಿನ ಮುಂದಿನ ಚಕ್ರ ನೋಡಿ. ಅಲ್ಲಿ ಆಕ್ಸಲ್ ನಿಂತಿರುತ್ತದೆ, ಹಬ್ಬು ತಿರುಗುತ್ತದೆ. ಅಲ್ಲಿ ಔಟರ್ ರಿಂಗು ಹಬ್ಬಿನಲ್ಲಿ ಬಿಗಿ ಇರಬೇಕು, ಆಕ್ಸಲ್ ಕೈಯಲ್ಲಿ ಜಾರಿದರೆ ಪರವಾಗಿಲ್ಲ. ಯಾವ ರಿಂಗು ಲೋಡಿನ ಕೆಳಗೆ ತಿರುಗುತ್ತದೋ ಅದಕ್ಕೆ ಬಿಗಿ ಬೇಕು. ಮಿಲ್ಲಿನಲ್ಲಿ ತಿರುಗುವುದು ಶಾಫ್ಟು, ಹಾಗಾಗಿ ಇನ್ನರ್ ಬಿಗಿ, ಔಟರ್ ಹೌಸಿಂಗಿನಲ್ಲಿ ಕೈಯಲ್ಲಿ ತಳ್ಳಿದರೆ ಹೋಗುವಷ್ಟು.

ಲೋಡ್ ಜಾಸ್ತಿ ಆಗಿ ಬೇರಿಂಗ್ ಹೋಯಿತು ಅನ್ನುವವರೂ ಇದ್ದಾರೆ. ಈ ಮಿಲ್ಲಿನ ಬೆಲ್ಟಿನ ಎಳೆತ ಒಂದು ಬೇರಿಂಗಿಗೆ 150 ಕೆ.ಜಿ. ಬೀಳುತ್ತದೆ ಅಂತ ಧಾರಾಳವಾಗೇ ಹಿಡಿಯೋಣ. 6207ರ ಕ್ಯಾಟಲಾಗ್ ಲೆಕ್ಕ ಹಾಕಿದರೆ ದಿನಕ್ಕೆ 8 ಗಂಟೆ ಓಡಿದರೂ 30 ವರ್ಷ ದಾಟುತ್ತದೆ. ಅದು ಕಾಗದದ ಲೆಕ್ಕ, ಹಿಟ್ಟಿನ ಧೂಳು ಅದರಲ್ಲಿ ಇಲ್ಲ. ಆದರೂ 30 ವರ್ಷ ಎಲ್ಲಿ, ಯಜಮಾನರ 40 ದಿನ ಎಲ್ಲಿ!

ಎಷ್ಟು ಬಿಗಿ?

ಇಲ್ಲಿ ಒಂದು ಚಂದದ ವಿಷಯ ಇದೆ. 35 ಅಂತ ಬರೆದ ಬೇರಿಂಗಿನ ತೂತು 35ಕ್ಕಿಂತ ದೊಡ್ಡದು ಇರುವುದೇ ಇಲ್ಲ. ಸಾಮಾನ್ಯ ದರ್ಜೆಯ ಬೇರಿಂಗಿನಲ್ಲಿ ಅದು 34.988ರಿಂದ 35.000 ಮಿ.ಮೀ. ಒಳಗೆ ಇರುತ್ತದೆ. ತಯಾರಿಸುವವರು ಬೇಕಂತಲೇ ಚಿಕ್ಕದರ ಕಡೆಗೆ ಬಿಟ್ಟಿರುತ್ತಾರೆ. ಇಂಥ ಲೋಡಿಗೆ ಶಾಫ್ಟನ್ನು ಕೆ5 ಫಿಟ್ಟಿಗೆ ಮಾಡಿ ಅನ್ನುತ್ತದೆ ಕ್ಯಾಟಲಾಗು. 35ರ ಶಾಫ್ಟಿಗೆ ಕೆ5 ಅಂದರೆ 35.002ರಿಂದ 35.013. ಎರಡನ್ನೂ ಸೇರಿಸಿದರೆ ಬಿಗಿ ಕಮ್ಮಿ ಅಂದರೆ 2 ಮೈಕ್ರಾನ್, ಜಾಸ್ತಿ ಅಂದರೆ 25. ನಮ್ಮಂಥ ಶಾಪಿನಲ್ಲಿ 35.018ರ ತನಕ ಬಿಡುವ ಕೆ6 ಹಿಡಿದರೂ ನಡೆಯುತ್ತದೆ. ಹಳೇ ಟರ್ನರುಗಳು ಥೌ ಲೆಕ್ಕದಲ್ಲಿ ಮಾತಾಡುತ್ತಾರೆ. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು, 25.4 ಮೈಕ್ರಾನು. ಅಂದರೆ ಈ ಆಟವೆಲ್ಲ ಹೆಚ್ಚುಕಮ್ಮಿ ಒಂದು ಥೌ ಒಳಗೇ ನಡೆಯುತ್ತದೆ.

ಹಾಗಂತ ಇನ್ನೂ ಬಿಗಿ ಮಾಡಿದರೆ ಇನ್ನೂ ಒಳ್ಳೆಯದು ಅಂದುಕೊಳ್ಳಬೇಡಿ. ಬಿಗಿಯಾದ ಶಾಫ್ಟು ಇನ್ನರ್ ರಿಂಗನ್ನು ಹಿಗ್ಗಿಸುತ್ತದೆ. ಬಾಲು ಓಡಾಡಲು ಇಟ್ಟಿರುವ ಸಂದು ಅಷ್ಟು ಕಮ್ಮಿಯಾಗುತ್ತದೆ. 35ರ ಮಾಮೂಲಿ ಬೇರಿಂಗಿನಲ್ಲಿ ಆ ಸಂದೇ 6ರಿಂದ 20 ಮೈಕ್ರಾನು. ಸಿ3 ಅಂತ ಮುದ್ರೆ ಇದ್ದರೆ 15ರಿಂದ 33. ನಾನು ಇಂಥ ಕೆಲಸಕ್ಕೆ ಸಿ3 ತರಿಸುತ್ತೇನೆ. ಬಿಗಿ ಒಂದು ಚೂರು ಜಾಸ್ತಿಯಾದರೂ ಬಾಲಿಗೆ ಉಸಿರಾಡಲು ಜಾಗ ಇರುತ್ತದೆ.

ಹೊಸ ಶಾಫ್ಟ್ ಮಾಡಿಸುವವರು ಎಡವುವ ಜಾಗವೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. "35ರ ಬ್ರೈಟ್ ಬಾರ್ ತಂದಿದ್ದೀನಿ, 35ರ ಬೇರಿಂಗ್ ಸರಿಯಾಗಿ ಹೋಯ್ತು, ಟರ್ನಿಂಗ್ ಖರ್ಚೇ ಉಳೀತು" ಅನ್ನುತ್ತಾರೆ. ಬ್ರೈಟ್ ಬಾರ್ ಅಂದರೆ ನಯವಾದ ಮೈಯ ರೆಡಿ ಉಕ್ಕಿನ ಸರಳು. ಅದನ್ನು ಬೇರಿಂಗಿಗೆ ಅಂತ ಮಾಡಿರುವುದಿಲ್ಲ. ಎಚ್9 ಅಳತೆಯ 35ರ ಬಾರು 62 ಮೈಕ್ರಾನ್ ತನಕ ಸಣ್ಣ ಇರಬಹುದು. ನಮ್ಮ 0.05ರ ಲೆಕ್ಕ ನೆನಪಿದೆ ಅಲ್ವಾ? ಆ ಶಾಫ್ಟು ಸರಿಯಾದ ಅಳತೆಯದು ಅಂತ ಎಲ್ಲರಿಗೂ ಕಾಣುತ್ತದೆ, ಆದರೆ ಬೇರಿಂಗಿಗೆ ಅದೂ ಅಳತೆ ತಪ್ಪಿದ ಶಾಫ್ಟೇ. ಒಂದು ಸೈಜು ದಪ್ಪದ ಬಾರು ತಂದು ಬೇರಿಂಗ್ ಕೂರುವ ಜಾಗವನ್ನು ಕೆತ್ತಿ ಇಳಿಸಿಕೊಳ್ಳಬೇಕು.

ನಮ್ಮ ಮುಂದಿದ್ದ ದಾರಿಗಳು

ಮೊದಲು ಹೊಳೆಯುವುದು ಶಾಫ್ಟನ್ನೇ 30ಕ್ಕೆ ಇಳಿಸಿ 6206 ಹಾಕುವುದು. ಶಾಫ್ಟಿನ ತಿರುಚು ತಡೆಯುವ ಶಕ್ತಿ ಅಳತೆಯ ಘನಕ್ಕೆ ತಕ್ಕಂತೆ ಇಳಿಯುತ್ತದೆ. 31.75ರಿಂದ 30 ಅಂದರೆ ಶೇ. 16ರಷ್ಟು ನಷ್ಟ. 10 ಎಚ್‌ಪಿ ಮಿಲ್ಲಿಗೆ ಅದು ತಡೆದುಕೊಳ್ಳುವಂಥದ್ದೇ. ಆದರೆ ಬೇರಿಂಗ್ ಒರಗಿ ನಿಲ್ಲುವ ಸ್ಟೆಪ್ (ಇಳಿಸಿದ ಜಾಗದ ಪಕ್ಕ ಉಳಿಯುವ ಮೆಟ್ಟಿಲು) ಒಂದು ಕಡೆಗೆ ಬರೀ 0.875 ಮಿ.ಮೀ. ಎತ್ತರ ಸಿಗುತ್ತದೆ. 6206ರ ರಿಂಗಿನ ಅಂಚನ್ನು ಕಮ್ಮಿ ಅಂದರೂ 1 ಮಿ.ಮೀ. ಗುಂಡಗೆ ಮಾಡಿರುತ್ತಾರೆ. ಅಂದರೆ ರಿಂಗಿನ ಮುಖ ಸ್ಟೆಪ್ಪಿಗೆ ತಾಗುವುದೇ ಇಲ್ಲ, ಗುಂಡು ಅಂಚು ಅದರ ಮೇಲೆ ಹತ್ತಲು ನೋಡುತ್ತದೆ. ನಡುವೆ ಒಂದು ರಿಂಗು ಮಾಡಿ ಹಾಕಬೇಕು. ಇನ್ನೊಂದು, 6206ರ ಹೊರಗಿನ ಅಳತೆ 62. 72 ಆಗಿಹೋಗಿರುವ ಹೌಸಿಂಗಿಗೆ ಬೇರೆ ಬುಷ್ ಬೇಕು. ಕೆಲಸ ಎರಡಾಯಿತು.

ಯುಸಿ ಬೇರಿಂಗ್ ಗೊತ್ತಿರಬಹುದು. ಪೆಡಸ್ಟಲ್ ಬ್ಲಾಕಿನ ಜೊತೆ ಬರುತ್ತದೆ, ಇನ್ನರ್ ರಿಂಗು ಉದ್ದ ಇರುತ್ತದೆ, ಅದರಲ್ಲಿ ಶಾಫ್ಟನ್ನು ಒತ್ತಿ ಹಿಡಿಯುವ ಎರಡು ಗ್ರಬ್ ಸ್ಕ್ರೂ. ಯುಸಿ 207-20 ಅಂದರೆ ತೂತು 20/16 ಇಂಚು, ಸರಿಯಾಗಿ ಒಂದೂಕಾಲು. ಹೊಲದ ಮಿಷನ್, ಕನ್ವೇಯರ್ ಇಂಥದ್ದಕ್ಕೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಅಳತೆ ತಪ್ಪಿದ ಶಾಫ್ಟಿಗೆ ಇಷ್ಟು ಸುಲಭದ ಮದ್ದು ಇನ್ನೊಂದಿಲ್ಲ. ಆದರೆ ಈ ಮಿಲ್ಲಿನ ಹೌಸಿಂಗು ಬಾಡಿಯ ಜೊತೆಗೇ ಎರಕ ಹೊಯ್ದದ್ದು. ಬ್ಲಾಕ್ ಕೂರಿಸಲು ಜಾಗವೇ ಇಲ್ಲ.

ಅಡಾಪ್ಟರ್ ಸ್ಲೀವ್ ಇನ್ನೊಂದು ದಾರಿ. ಬೇರಿಂಗಿನ ತೂತು ಚೂರು ಶಂಕುವಿನಾಕಾರ ಇರುತ್ತದೆ, 12ಕ್ಕೆ 1ರಂತೆ. ಸೀಳಿದ ಸ್ಲೀವನ್ನು ನಟ್ಟಿನಿಂದ ಅದರೊಳಗೆ ಎಳೆದರೆ ಅದು ಶಾಫ್ಟನ್ನು ಕಚ್ಚಿಕೊಳ್ಳುತ್ತದೆ. ಇಂಚಿನ ಶಾಫ್ಟಿಗೂ ಸ್ಲೀವ್ ಬರುತ್ತದೆ. ಇದರ ಗುಣ ಏನೆಂದರೆ ಎಚ್9ರ ಬ್ರೈಟ್ ಬಾರಿನ ಮೇಲೂ ಚೆನ್ನಾಗಿ ನಿಲ್ಲುತ್ತದೆ. ಆದರೆ 1208 ನಂಬರಿನ ಬೇರಿಂಗಿಗೆ ಹೌಸಿಂಗು 80 ಬೇಕು. ಈ ಎರಕದಲ್ಲಿ ಇನ್ನು 8 ಮಿ.ಮೀ. ತೆಗೆಯಲು ನನಗೆ ಧೈರ್ಯ ಬರಲಿಲ್ಲ.

ವೆಲ್ಡಿಂಗ್ ತುಂಬಿಸಿ ಟರ್ನಿಂಗ್ ಮಾಡುವುದು ನಮ್ಮ ಕಡೆ ಬಲು ಜನಪ್ರಿಯ. ನನಗೆ ಇಷ್ಟವಿಲ್ಲ. ಇಎನ್8ನಂಥ ಉಕ್ಕಿನ ಶಾಫ್ಟಿನಲ್ಲಿ ಇಂಗಾಲ ಶೇ. 0.4ರ ಆಸುಪಾಸು ಇರುತ್ತದೆ. ವೆಲ್ಡಿನ ಪಕ್ಕದ ಜಾಗ ಬಿಸಿಯಾಗಿ ಬೇಗ ತಣ್ಣಗಾದರೆ ಗಾಜಿನಂತೆ ಪೆಡಸಾಗುತ್ತದೆ. ಕೂದಲೆಳೆಯ ಬಿರುಕು ಅಲ್ಲೇ ಹುಟ್ಟುತ್ತದೆ. ಶಾಫ್ಟು ಬಾಗುವುದಂತೂ ಇದ್ದದ್ದೇ. ಬೇರಿಂಗ್ ಉಳಿಸಲು ಹೋಗಿ ಶಾಫ್ಟ್ ಮುರಿದುಕೊಂಡವರನ್ನು ನೋಡಿದ್ದೇನೆ. ಮೆಟಲ್ ಸ್ಪ್ರೇ (ಕರಗಿದ ಲೋಹ ಚಿಮ್ಮಿಸಿ ದಪ್ಪ ಮಾಡುವುದು) ಮಾಡುವವರು ಹತ್ತಿರ ಇದ್ದರೆ ಅದು ವಾಸಿ, ಶಾಫ್ಟು ಅಷ್ಟು ಕಾಯುವುದಿಲ್ಲ.

ಬೇರಿಂಗಿನ ತೂತನ್ನೇ ದೊಡ್ಡದು ಮಾಡಿಕೊಡಿ ಅನ್ನುವವರೂ ಬರುತ್ತಾರೆ. ಆ ಉಕ್ಕು ಲೇತಿನ ಮಾಮೂಲಿ ಟೂಲಿಗೆ ಜಗ್ಗುವುದಿಲ್ಲ. ಬಿಡಿ.

ಉಳಿದದ್ದು ಬುಷ್. ತಗಡಿನ ಜಾಗಕ್ಕೆ ನಿಜವಾದ, ಸಂದಿಲ್ಲದ ಕೊಳವೆ.

ಬುಷ್ ಹಾಕಿದ ಬಗೆ

ಶಾಫ್ಟಿನ ಸವೆದ ಜಾಗವನ್ನು ಮೈಕ್ರೋಮೀಟರಿನಲ್ಲಿ ನೋಡಿದೆ. ಒಂದು ಅಡ್ಡಕ್ಕೆ 31.52, ಇನ್ನೊಂದು ಅಡ್ಡಕ್ಕೆ 31.44. ಮೊಟ್ಟೆಯಾಗಿತ್ತು. ಅದನ್ನು 31ಕ್ಕೆ ಇಳಿಸಿದರೆ ಸವೆತವೆಲ್ಲ ಹೋಗುತ್ತದೆ, ಬುಷ್ಷಿಗೆ 2 ಮಿ.ಮೀ. ದಪ್ಪ ಸಿಗುತ್ತದೆ, ಶಾಫ್ಟಿನ ಶಕ್ತಿಯಲ್ಲಿ ಶೇ. 7ರಷ್ಟು ಹೋಗುತ್ತದೆ. ಬುಷ್ಷು ಆ ಶಕ್ತಿಯನ್ನು ವಾಪಸ್ ಕೊಡುವುದಿಲ್ಲ, ಅದು ಬರೀ ತುಂಬುವ ಸಾಮಾನು. ಇಳಿಸಿದ ಜಾಗದ ಕೊನೆಯಲ್ಲಿ ಟೂಲಿನ ತುದಿ ಗುಂಡಗೆ ಮಾಡಿಕೊಂಡು ಮೂಲೆಯನ್ನು ಗುಂಡಗೆ ಬಿಟ್ಟೆ. ಚೂಪು ಮೂಲೆ ಬಿಟ್ಟರೆ ಶಾಫ್ಟು ಮುರಿಯುವುದು ಅಲ್ಲೇ.

ಬುಷ್ಷನ್ನು ಒಂದು ತುದಿಯಲ್ಲಿ ಕಾಲರ್ ಇರುವಂತೆ ಮಾಡಿದೆ. ಕಾಲರ್ 43 ಮಿ.ಮೀ. 6207ರ ರಿಂಗು ಒರಗಲು ಕ್ಯಾಟಲಾಗು 42 ಕೇಳುತ್ತದೆ. ಹೀಗೆ ಮಾಡಿದರೆ ಸ್ಟೆಪ್ಪಿನ ತಾಪತ್ರಯವೇ ಇರುವುದಿಲ್ಲ. ಬುಷ್ಷಿನ ಮೈಯನ್ನು 35ಕ್ಕೆ ಮಾಡದೆ 37ಕ್ಕೆ ಬಿಟ್ಟೆ. ತೂತು 30.97. ಅಂದರೆ ಶಾಫ್ಟಿಗಿಂತ 30 ಮೈಕ್ರಾನ್ ಸಣ್ಣ.

ಬುಷ್ಷನ್ನು 250 ಡಿಗ್ರಿಗೆ ಕಾಯಿಸಿದೆವು. ಉಕ್ಕು ಒಂದು ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. 31 ಮಿ.ಮೀ. ತೂತು 220 ಡಿಗ್ರಿ ಏರಿದರೆ 80 ಮೈಕ್ರಾನಿಗಿಂತ ಜಾಸ್ತಿ ಹಿಗ್ಗಿತು. ಬೇಕಾದದ್ದು 30. ಇಕ್ಕಳದಲ್ಲಿ ಹಿಡಿದು ಇಟ್ಟರೆ ಸೊಯ್ಯನೆ ಇಳಿಯಿತು. ತಡಮಾಡಿದರೆ ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ, ಆಮೇಲೆ ದೇವರೇ ಗತಿ.

ಕಾಯಿಸುವ ರಗಳೆ ಬೇಡ ಅಂದರೆ ಲಾಕ್‌ಟೈಟ್‌ನಂಥ ಅಂಟು ಇದೆ. ಗಾಳಿ ಸಿಗದ ಕಡೆ, ಲೋಹದ ನಡುವೆ ಸಿಕ್ಕಿಕೊಂಡಾಗ ಗಟ್ಟಿಯಾಗುವ ಅಂಟು. 638 ನಂಬರಿನದು 0.25 ಮಿ.ಮೀ. ಸಡಿಲದ ತನಕ ಹಿಡಿಯುತ್ತದೆ. ಮುಂದೆ ಬಿಚ್ಚಬೇಕಾದ ಬೇರಿಂಗಿಗೆ 641. ಜಿಡ್ಡು ಪೂರ್ತಿ ತೆಗೆಯದಿದ್ದರೆ ಎರಡೂ ದಂಡ. ಇನ್ನೊಂದು ಮಾತು, ಅಂಟು ಸೆಂಟರ್ ಹಿಡಿಯುವುದಿಲ್ಲ. 0.2 ಸಡಿಲ ಇದ್ದರೆ ರಿಂಗು ಒಂದು ಕಡೆಗೆ 0.1 ವಾಲಿಕೊಂಡೇ ಗಟ್ಟಿಯಾಗುತ್ತದೆ. ಸವೆದ ಶಾಫ್ಟಿಗೆ ಬೇರಿಂಗನ್ನೇ ಅಂಟಿಸುವವರು ಇದನ್ನು ಮರೆಯುತ್ತಾರೆ.

ಬುಷ್ಷು ಪೂರ್ತಿ ತಣ್ಣಗಾದ ಮೇಲೆ ಶಾಫ್ಟನ್ನು ಲೇತಿನ ಎರಡು ಸೆಂಟರಿನ (ಚೂಪು ಮೊನೆಗಳ) ನಡುವೆ ಕಟ್ಟಿದೆ. ಚಕ್ಕಿನಲ್ಲಿ ಹಿಡಿಯಲಿಲ್ಲ. ಮೂರು ದವಡೆಯ ಹಳೇ ಚಕ್ಕಿನಲ್ಲಿ ಓಲಾಟ ಇದ್ದೇ ಇರುತ್ತದೆ. ಬುಷ್ಷನ್ನು ಮೊದಲೇ 35ಕ್ಕೆ ಮಾಡಿಟ್ಟು ಆಮೇಲೆ ಹಾಕಿದ್ದರೆ ಆ ಓಲಾಟ ಬೇರಿಂಗಿಗೆ ಹೋಗುತ್ತಿತ್ತು. ಶಾಫ್ಟಿನ ಮೇಲೆ ಕೂತ ಮೇಲೆ ಕೆತ್ತಿದರೆ ಶಾಫ್ಟಿನ ಸೆಂಟರೇ ಬುಷ್ಷಿನ ಸೆಂಟರ್.

ನಮ್ಮದು ಹಳೇ ಎಚ್‌ಎಂಟಿ ಲೇತು. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿಯದು. ಗಟ್ಟಿ ಮಿಷನ್ನು, ಆದರೆ ಟೂಲನ್ನು ಒಳಕ್ಕೆ ತಳ್ಳುವ ಅದರ ಕ್ರಾಸ್ ಸ್ಲೈಡಿನಲ್ಲಿ 5 ಮೈಕ್ರಾನ್ ಹಿಡಿಯಲು ಆಗುತ್ತಾ? ಆಗಲ್ಲ. ಅದಕ್ಕೊಂದು ಉಪಾಯ ಇದೆ. ಮೇಲಿನ ಸ್ಲೈಡನ್ನು ಶಾಫ್ಟಿನ ಉದ್ದಕ್ಕೆ ಸುಮಾರು 5¾ ಡಿಗ್ರಿ ಓರೆಗೆ ತಿರುಗಿಸಿ ಬಿಗಿಯಿರಿ. ಆಗ ಆ ಸ್ಲೈಡು 0.1 ಮಿ.ಮೀ. ಮುಂದೆ ಹೋದರೆ ಟೂಲು ಒಳಗೆ ಹೋಗುವುದು 0.01 ಮಾತ್ರ. ಡಯಲಿನ ಒಂದು ಗೀಟನ್ನು ಹತ್ತು ಭಾಗ ಮಾಡಿದಂತೆ. ಒಳಗೆ 0.01 ಹೋದರೆ ಅಳತೆಯಲ್ಲಿ 0.02 ಇಳಿಯುತ್ತದೆ, ಅದನ್ನು ಮರೆಯಬಾರದು.

35.03ಕ್ಕೆ ಬಂದಾಗ ಲೇತ್ ನಿಲ್ಲಿಸಿ ಟೀ ಕುಡಿಯಲು ಹೋದೆ. ಸೋಮಾರಿತನಕ್ಕಲ್ಲ! ಕೆತ್ತಿದ ಶಾಫ್ಟು ಕಾದಿರುತ್ತದೆ. 30 ಡಿಗ್ರಿ ಕಾದರೆ 35ರ ಶಾಫ್ಟು 12.6 ಮೈಕ್ರಾನ್ ಉಬ್ಬುತ್ತದೆ. ಕೆ5ರ ಪೂರ್ತಿ ಅಂತರವೇ 11. ಬಿಸಿಯಲ್ಲಿ ಅಳೆದು "ಕರೆಕ್ಟಾಗಿದೆ" ಅಂದರೆ ತಣ್ಣಗಾದ ಮೇಲೆ ಬೇರಿಂಗು ಕೈಯಲ್ಲಿ ಜಾರುತ್ತದೆ. ಹಾಗೆ ಎಷ್ಟು ಶಾಫ್ಟು ಕೆಟ್ಟಿವೆಯೋ.

ಟೀ ಮುಗಿಸಿ ಬಂದು ಅಳೆದು, ಕೊನೆಯ ಚೂರನ್ನು ಎಮರಿ ಪೇಪರಿನಲ್ಲಿ ಇಳಿಸಿದೆ. ಟೂಲು ಬಿಟ್ಟ ಗೆರೆಗಳು ಉಳಿದರೆ ಬೇರಿಂಗ್ ಹೊಡೆಯುವಾಗ ಅವು ಚಪ್ಪಟೆಯಾಗಿ ಒತ್ತಿಹೋಗುತ್ತವೆ, ಬಿಗಿಯೂ ಜೊತೆಗೆ ಹೋಗುತ್ತದೆ. ಗ್ರೈಂಡಿಂಗ್ ಇದ್ದರೆ ಇದೆಲ್ಲ ಬೇಡ. ಮೂರು ಕಡೆ, ಎರಡೆರಡು ಅಡ್ಡಕ್ಕೆ ಅಳೆದೆ. 35.008ರಿಂದ 35.011. ಇಂಥದ್ದಕ್ಕೆ ವರ್ನಿಯರ್ ಮುಟ್ಟಬೇಡಿ. 0.02 ತೋರಿಸುವ ವರ್ನಿಯರಿನಲ್ಲಿ 0.01 ಹುಡುಕುವುದು ಅಕ್ಕಿ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ.

ಯಜಮಾನರು ಡಬ್ಬಿಯಲ್ಲಿ ತಂದಿದ್ದ ಬೇರಿಂಗು ಸಿ3 ಅಲ್ಲ. ಅಂಗಡಿಯಲ್ಲಿ ಬದಲಾಯಿಸಿಕೊಂಡು ಬಂದರು. ಎರಡೂ ಕಡೆ ರಬ್ಬರ್ ಸೀಲ್ ಇರುವುದು, ಹಿಟ್ಟಿನ ಧೂಳಿಗೆ ಅದೇ ಬೇಕು. ಸೀಲ್ ಇದ್ದರೆ ಜಾಸ್ತಿ ಕಾಯಿಸುವಂತಿಲ್ಲ. 80 ಡಿಗ್ರಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಒಳಗಿನ ಗ್ರೀಸೂ ಸೀಲೂ ಕೆಡುತ್ತವೆ. 80 ಡಿಗ್ರಿಗೆ ತೂತು 21 ಮೈಕ್ರಾನ್ ಹಿಗ್ಗುತ್ತದೆ, ನಮಗೆ ಸಾಕು. ಗ್ಯಾಸಿನ ಬೆಂಕಿ ಬೇರಿಂಗಿನ ಹತ್ತಿರವೂ ಸುಳಿಯಬಾರದು. ಕೊನೆಗೆ ಕಾಲರಿಗೆ ಒತ್ತಿ ಕೂರಿಸಲು ಪೈಪಿನ ತುಂಡನ್ನು ಇನ್ನರ್ ರಿಂಗಿನ ಮೇಲೆ ಇಟ್ಟು ಎರಡೇಟು ಹಾಕಿದೆ. ಔಟರ್ ರಿಂಗಿನ ಮೇಲೆ ಹೊಡೆದರೆ ಏಟೆಲ್ಲ ಬಾಲುಗಳ ಮೂಲಕ ಹೋಗಿ ಓಡುವ ದಾರಿಯಲ್ಲಿ ಗುಳಿ ಬೀಳುತ್ತದೆ.

ಶಾಫ್ಟಿನ ಇನ್ನೊಂದು ತುದಿಯ ಕಥೆಯೂ ಹೀಗೇ ಇತ್ತು, ಅದಕ್ಕೂ ಇನ್ನೊಂದು ಬುಷ್. ಒಂದೇ ವ್ಯತ್ಯಾಸ, ಪುಲ್ಲಿ ಕಡೆಯ ಬೇರಿಂಗನ್ನು ಹೌಸಿಂಗಿನಲ್ಲಿ ಕವರ್ ಹಾಕಿ ಕಟ್ಟಿದರೆ ಇನ್ನೊಂದು ಕಡೆಯದಕ್ಕೆ ಒಂದು ಮಿ.ಮೀ. ಅತ್ತಿತ್ತ ಸರಿಯಲು ಜಾಗ ಬಿಡಬೇಕು. 900 ಮಿ.ಮೀ. ಶಾಫ್ಟು 30 ಡಿಗ್ರಿ ಕಾದರೆ 0.3 ಮಿ.ಮೀ. ಉದ್ದವಾಗುತ್ತದೆ. ಎರಡೂ ಕಡೆ ಕಟ್ಟಿಹಾಕಿದರೆ ಆ ಉದ್ದ ಎಲ್ಲಿಗೆ ಹೋಗಬೇಕು? ಎರಡು ಬೇರಿಂಗನ್ನೂ ಪಕ್ಕಕ್ಕೆ ಒತ್ತುತ್ತದೆ.

ಶಾಫ್ಟ್ ಕೊಡುವ ಮುಂಚೆ ಪರ್ಮನೆಂಟ್ ಮಾರ್ಕರಿನಲ್ಲಿ ಇನ್ನರ್ ರಿಂಗಿನಿಂದ ಬುಷ್ಷಿನ ಮೇಲೆ, ಬುಷ್ಷಿನಿಂದ ಶಾಫ್ಟಿನ ಮೇಲೆ ಒಂದೇ ನೇರ ಗೀಟು ಎಳೆದೆ. "ತಿಂಗಳು ಬಿಟ್ಟು ಕವರ್ ಬಿಚ್ಚಿ ನೋಡಿ ಯಜಮಾನ್ರೇ. ಈ ಗೀಟು ಮುರಿದಿದ್ರೆ ಎಲ್ಲೋ ಜಾರ್ತಿದೆ ಅಂತ. ಶಾಫ್ಟ್ ವಾಪಸ್ ತನ್ನಿ, ಕಾಸು ಬೇಡ."

ಒಂದೂವರೆ ತಿಂಗಳಾದ ಮೇಲೆ ಫೋನ್ ಬಂತು. ಹಿಂದುಗಡೆ ಮಿಲ್ಲು ಓಡುವ ಸದ್ದು.

"ಗೀಟು ಹಂಗೇ ಐತೆ ಕಣಪ್ಪಾ, ಎಳೆದಂಗೇ. ಬೇರಿಂಗ್ ಸದ್ದಿಲ್ಲ. ಈಗ ಬೆಲ್ಟು ಕೂಗ್ತಾ ಇರೋದು ಕೇಳಿಸ್ತೈತೆ. ಮುಂಚೆನೂ ಕೂಗ್ತಿತ್ತೇನೋ, ಗೊತ್ತೇ ಆಗ್ತಿರ್ಲಿಲ್ಲ."